ಟೈಟಾನಿಕ್ ಮುಳುಗಿದ ಕಥೆ ಇಂಗ್ಲಿಷಿನಲ್ಲಿ ಹೇಳಲು ಕಲಿತದ್ದು: ರಾಯಚೂರಿನಿಂದ ಐಇಎಲ್‌ಟಿಎಸ್‌ವರೆಗೆ

ಹೋದ ತಿಂಗಳು ನನ್ನ ಐಇಎಲ್‌ಟಿಎಸ್ ರಿಸಲ್ಟ್ ಬಂತು. ಹೊರದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಅದು. ಲಿಸನಿಂಗ್ 7.5, ರೀಡಿಂಗ್ 7, ರೈಟಿಂಗ್ 6.5, ಸ್ಪೀಕಿಂಗ್ 7. ಬ್ರಿಟನ್ನಿನಲ್ಲಿ ನರ್ಸ್ ಆಗಿ ಹೆಸರು ನೋಂದಾಯಿಸಿಕೊಳ್ಳಲು ಅಲ್ಲಿನ ಕೌನ್ಸಿಲ್ ಕೇಳುವುದು ರೈಟಿಂಗ್‌ನಲ್ಲಿ 6.5, ಉಳಿದ ಮೂರರಲ್ಲಿ 7. ಅಷ್ಟಕ್ಕೆ ಅಷ್ಟು ಬಂದಿದೆ.

ನಾನು ರಾಯಚೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಹತ್ತನೇ ಕ್ಲಾಸಿನವರೆಗೆ ಓದಿದ್ದು ಹಳ್ಳಿಯ ಕನ್ನಡ ಮೀಡಿಯಂ ಶಾಲೆಯಲ್ಲಿ. ಈ ಪರೀಕ್ಷೆ ಅಂದರೆ ಏನು, ಎಲ್ಲಿಂದ ಶುರು ಮಾಡಬೇಕು ಅಂತ ಕೇಳಲು ನನ್ನ ಸುತ್ತ ಒಬ್ಬರೂ ಇರಲಿಲ್ಲ. ನಮ್ಮ ವಾರ್ಡಿನ ಕೇರಳದ ಸಿಸ್ಟರ್‌ಗೆ ಅಕ್ಕ, ಚಿಕ್ಕಮ್ಮ, ಪಕ್ಕದ ಮನೆಯವರು ಎಲ್ಲರೂ ದಾರಿ ಹೇಳೋಕೆ ಇದ್ದರು. ನಮ್ಮ ಸಿಂಧನೂರು, ಮಾನ್ವಿ, ದೇವದುರ್ಗದ ಹುಡುಗಿಯರಿಗೂ ಹಾಗೆ ಯಾರಾದರೂ ಹೇಳಬೇಕಲ್ವಾ? ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ಇದರಲ್ಲಿ ಅರ್ಧ ಕಥೆ ಕಾಗದಪತ್ರದ್ದು. ಇನ್ನರ್ಧ ಟೈಟಾನಿಕ್ ಹಡಗಿನದ್ದು. ಅದು ಯಾಕೆ ಬಂತು ಅಂತ ಮುಂದೆ ಹೇಳುತ್ತೇನೆ.

ಮೊದಲು ಪಾಸ್‌ಪೋರ್ಟ್. ಭಾರತದಲ್ಲಿ ಈ ಪರೀಕ್ಷೆಗೆ ಗುರುತಿನ ಚೀಟಿ ಅಂತ ಒಪ್ಪುವುದು ಪಾಸ್‌ಪೋರ್ಟ್ ಒಂದನ್ನೇ. ಆಧಾರ್ ನಡೆಯಲ್ಲ. ಆದ್ದರಿಂದ ಓದು ಶುರು ಮಾಡುವ ದಿನವೇ ಪಾಸ್‌ಪೋರ್ಟ್‌ಗೂ ಅರ್ಜಿ ಹಾಕಿ. ನನಗೆ ಇಲ್ಲಿಯೇ ಜಾಸ್ತಿ ತಡವಾಯಿತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಇನಿಷಿಯಲ್ ಮಾತ್ರ ಇದೆ. ಆಧಾರ್‌ನಲ್ಲಿ ಅಪ್ಪನ ಹೆಸರೂ ಮನೆತನದ ಹೆಸರೂ ಪೂರ್ತಿ ಇವೆ. ನರ್ಸಿಂಗ್ ಸರ್ಟಿಫಿಕೇಟಿನಲ್ಲಿ ಇನಿಷಿಯಲ್ ಹೆಸರಿನ ಹಿಂದೆ ಹೋಗಿದೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ಬರೆಯುವ ಹಾಗಿಲ್ಲ, ಬಿಡಿಸಿ ಬರೆಯಬೇಕು. ಸರ್‌ನೇಮ್ ಕಾಲಂನಲ್ಲಿ ಏನು ಹಾಕುವುದು ಅಂತ ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಕೊನೆಗೆ ಎಲ್ಲ ಕಾಗದಗಳನ್ನೂ ಮೇಜಿನ ಮೇಲೆ ಹರಡಿಕೊಂಡು, ಯಾವ ಹೆಸರು ಹೆಚ್ಚು ಕಡೆ ಹೊಂದುತ್ತದೆ ಅಂತ ನೋಡಿ, ಆಧಾರ್ ತಿದ್ದಿಸಿ, ಆಮೇಲೆ ಅರ್ಜಿ ಹಾಕಿದೆ. ಫೀ 1,500 ರೂಪಾಯಿ. ಪೊಲೀಸ್ ಪರಿಶೀಲನೆಗೆ ಬಂದಾಗ ನಾನು ಡ್ಯೂಟಿಯಲ್ಲಿದ್ದೆ, ಅಮ್ಮ ಫೋನ್ ಮಾಡಿ ಕರೆಸಿದಳು. ಪರಿಶೀಲನೆ ಮುಗಿದು ಪುಸ್ತಕ ಕೈಗೆ ಬರುವವರೆಗೂ ಪರೀಕ್ಷೆಯ ದಿನ ಗೊತ್ತುಮಾಡಲು ಆಗಲಿಲ್ಲ. ಪರೀಕ್ಷೆಗೆ ಕೊಡುವ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಬೇಕು, ಒಂದು ಅಕ್ಷರವೂ ಹೆಚ್ಚುಕಮ್ಮಿ ಆಗಬಾರದು.

ಆ ಕಾಯುವ ಹೊತ್ತಿನಲ್ಲಿ ಒಂದು ಆನ್‌ಲೈನ್ ಕೋಚಿಂಗ್ ಸೇರಿದೆ. ಒಂಬತ್ತು ಸಾವಿರ ಕಟ್ಟಿದೆ. ಅವರು ಮೊದಲ ದಿನವೇ ಒಂದು ಪಿಡಿಎಫ್ ಕಳಿಸಿದರು. ಅದರ ತುಂಬಾ ಕಷ್ಟದ ಪದಗಳು, ಎಬಿಸಿಡಿ ಕ್ರಮದಲ್ಲಿ. ದಿನಕ್ಕೆ ಇಷ್ಟು ಅಂತ ಬಾಯಿಪಾಠ ಮಾಡಿ ಅಂದರು. ನೈಟ್ ಡ್ಯೂಟಿ ಮುಗಿಸಿ ಬಂದು ಕೂತು ಓದುತ್ತಿದ್ದೆ. ಸಂಜೆ ಎದ್ದರೆ ಒಂದೂ ನೆನಪಿರುತ್ತಿರಲಿಲ್ಲ. ಒಂದು ಪದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲದಿದ್ದರೆ ತಲೆಯಲ್ಲಿ ಎಲ್ಲಿ ನಿಲ್ಲಬೇಕು? ದುಡ್ಡು ಹೋಯಿತು ಅನ್ನುವ ಸಂಕಟ ಬೇರೆ. ಮನೆಯಲ್ಲಿ ಹೇಳಲೂ ಇಲ್ಲ.

ಆಗ ಅಭ್ಯಾಸಕ್ಕೆ ಅಂತ ಒಂದು ರೀಡಿಂಗ್ ಪಾಠ ಸಿಕ್ಕಿತು. ಟೈಟಾನಿಕ್ ಬಗ್ಗೆ. ಹೆಸರು ಕೇಳಿದ್ದೆ, ದೊಡ್ಡ ಹಡಗು, ಮಂಜುಗಡ್ಡೆಗೆ ಬಡಿದು ಮುಳುಗಿತು ಅಂತ ಗೊತ್ತಿತ್ತು. ಪಾಠ ತೆರೆದರೆ ಹಲ್, ಬಲ್ಕ್‌ಹೆಡ್, ಸ್ಟರ್ನ್, ಸ್ಟಾರ್ಬರ್ಡ್, ಫೌಂಡರ್, ಡೆಬ್ರಿ. ನಾನು ಸಮುದ್ರ ಕಂಡವಳೇ ಅಲ್ಲ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಇರುವ ಜಿಲ್ಲೆ ನಮ್ಮದು. ನಾವು ನೋಡಿದ ಹಡಗು ಅಂದರೆ ಕುರ್ವಕುರ್ದಾ, ಕುರ್ವಕಲಾ ನಡುಗಡ್ಡೆಗೆ ಜನರನ್ನು ದಾಟಿಸುವ ಹರಿಗೋಲು. ಅದಕ್ಕೆ ಹಿಂದೆ ಮುಂದೆ ಅಂತ ಕೂಡ ಇಲ್ಲ, ದುಂಡಗಿರುತ್ತದೆ.

ನಮ್ಮ ಓಣಿಯಲ್ಲಿ ಒಬ್ಬರು ನಿವೃತ್ತ ಇಂಗ್ಲಿಷ್ ಮೇಷ್ಟ್ರು ಇದ್ದಾರೆ. ಆ ಪಾಠ ಹಿಡಿದು ಅವರ ಮನೆಗೆ ಹೋದೆ. ಅವರು ಒಂದೇ ಮಾತು ಹೇಳಿದರು: "ಪಿಡಿಎಫ್ ಪಕ್ಕಕ್ಕಿಡು. ಈ ಒಂದು ಘಟನೆ ಪೂರ್ತಿ ತಿಳ್ಕೊ. ಏನಾಯ್ತು, ಯಾಕಾಯ್ತು, ಆಮೇಲೇನಾಯ್ತು. ಪದ ತಾವೇ ಬರ್ತಾವೆ." ಅವತ್ತಿನಿಂದ ಪರೀಕ್ಷೆಯವರೆಗೆ ನಾನು ಟೈಟಾನಿಕ್ ಬಿಡಲಿಲ್ಲ. ಪದಪಟ್ಟಿ ಉರುಹೊಡೆದು ಸುಸ್ತಾದವರು ಯಾರಾದರೂ ಇದ್ದರೆ ಇದನ್ನೊಮ್ಮೆ ಮಾಡಿ ನೋಡಿ ಅಂತ ನಾನು ಮನಸಾರೆ ಹೇಳುತ್ತೇನೆ.

ಮೊದಲು ಕಥೆಯನ್ನು ಕನ್ನಡದಲ್ಲೇ ಒಂದು ಪುಟ ಬರೆದುಕೊಂಡೆ. ಹಡಗು ಕಟ್ಟಿದ್ದು ಬೆಲ್‌ಫಾಸ್ಟ್‌ನ ಹಾರ್ಲ್ಯಾಂಡ್ ಅಂಡ್ ವುಲ್ಫ್ ಕಾರ್ಖಾನೆ, ವೈಟ್ ಸ್ಟಾರ್ ಲೈನ್ ಕಂಪನಿಗಾಗಿ. ಉದ್ದ 269 ಮೀಟರ್. 1912ರ ಏಪ್ರಿಲ್ 10ರಂದು ಇಂಗ್ಲೆಂಡಿನ ಸೌತ್‌ಹ್ಯಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಹೊರಟಿತು. ಅದೇ ಮೊದಲ ಪ್ರಯಾಣ, ಇಂಗ್ಲಿಷಿನಲ್ಲಿ 'ಮೇಡನ್ ವಾಯೇಜ್'. ಏಪ್ರಿಲ್ 14ರ ರಾತ್ರಿ 11:40ಕ್ಕೆ ನೀರ್ಗಲ್ಲಿನ ಗುಡ್ಡಕ್ಕೆ ತಾಗಿತು. 15ರ ಬೆಳಗಿನ ಜಾವ 2:20ಕ್ಕೆ ಮುಳುಗಿತು. ಹಡಗಿನಲ್ಲಿದ್ದವರು ಸುಮಾರು 2,200 ಜನ. ಸತ್ತವರು ಸುಮಾರು 1,500. ಇಷ್ಟು ಬರೆದ ಮೇಲೆ ಪ್ರತಿ ಸಾಲಿನ ಕೆಳಗೆ ಅದಕ್ಕೆ ಬೇಕಾದ ಇಂಗ್ಲಿಷ್ ಪದಗಳನ್ನು ಸೇರಿಸುತ್ತಾ ಹೋದೆ.

ಹಡಗಿನ ಭಾಗಗಳಿಂದ ಶುರು. ಹಲ್ ಅಂದರೆ ಹಡಗಿನ ಹೊರಮೈ, ಆ ದೊಡ್ಡ ಒಡಲು. ಕೀಲ್ ಅಂದರೆ ತಳದ ಬೆನ್ನೆಲುಬು. ಡೆಕ್ ಅಂದರೆ ಅಂತಸ್ತು. ಫನಲ್ ಅಂದರೆ ಹೊಗೆ ಕೊಳವೆ. ಮುಂಭಾಗಕ್ಕೆ ಬಳಸುವ ಪದವನ್ನು ಓದುವಾಗ 'ಬೋ' ಅನ್ನಿಸುತ್ತದೆ, ಬಿಲ್ಲು ಬಾಣದ ಬೋ ತರಹ. ಆದರೆ ಹಡಗಿಗೆ ಅದು 'ಬೌ', 'ಕೌ' ಅಂದಂತೆ. ಸ್ಪೀಕಿಂಗ್‌ನಲ್ಲಿ ಉಚ್ಚಾರಣೆಗೂ ಅಂಕ ಇದೆ, ಆದ್ದರಿಂದ ಇಂಥವನ್ನು ಕಿವಿಯಿಂದಲೇ ಕಲಿಯಬೇಕು. ಹಿಂಭಾಗ ಸ್ಟರ್ನ್. ಮುಂದಕ್ಕೆ ಮುಖ ಮಾಡಿ ನಿಂತರೆ ಎಡಕ್ಕೆ ಪೋರ್ಟ್, ಬಲಕ್ಕೆ ಸ್ಟಾರ್ಬರ್ಡ್. ಇಂಗ್ಲಿಷಿನಲ್ಲಿ ಪೋರ್ಟ್, ಲೆಫ್ಟ್ ಎರಡಕ್ಕೂ ನಾಲ್ಕೇ ಅಕ್ಷರ, ಹಾಗೆ ನೆನಪಿಟ್ಟುಕೊಂಡೆ. ಟೈಟಾನಿಕ್‌ಗೆ ಪೆಟ್ಟು ಬಿದ್ದದ್ದು ಸ್ಟಾರ್ಬರ್ಡ್ ಕಡೆಗೆ, ಬೌ ಹತ್ತಿರ.

ಇಲ್ಲೊಂದು ತೊಡಕು ಇದೆ. ರೀಡಿಂಗ್‌ನಲ್ಲಿ ಟ್ರೂ, ಫಾಲ್ಸ್, ನಾಟ್ ಗಿವನ್ ಪ್ರಶ್ನೆಗಳು, ಅಂದರೆ ಪಾಠದ ಪ್ರಕಾರ ಸರಿಯೋ, ತಪ್ಪೋ, ಹೇಳಿಯೇ ಇಲ್ಲವೋ ಅನ್ನುವಂಥವು ಬರುತ್ತವಲ್ಲ, ಅಂಥ ಕಡೆ ಕಾಡುವಂಥದ್ದು. ಕಂಬದ ಮೇಲಿನ ಗೂಡಿನಲ್ಲಿ, ಅಂದರೆ ಕ್ರೋಸ್ ನೆಸ್ಟ್‌ನಲ್ಲಿ, ಕಾವಲಿದ್ದ ಫ್ರೆಡರಿಕ್ ಫ್ಲೀಟ್ ಗಂಟೆ ಹೊಡೆದು ಸುದ್ದಿ ಕೊಟ್ಟ. ಆಫೀಸರ್ ವಿಲಿಯಂ ಮರ್ಡಾಕ್ 'ಹಾರ್ಡ್ ಅ ಸ್ಟಾರ್ಬರ್ಡ್' ಅಂತ ಕೂಗಿದ. ಹಡಗು ತಿರುಗಿದ್ದು ಮಾತ್ರ ಪೋರ್ಟ್ ಕಡೆಗೆ, ಎಡಕ್ಕೆ. ಆ ಕಾಲದಲ್ಲಿ ಅಪ್ಪಣೆ ಕೊಡುತ್ತಿದ್ದದ್ದು ಹಳೇ ಪದ್ಧತಿಯಂತೆ, ಚುಕ್ಕಾಣಿಯ ಹಿಡಿ ಯಾವ ಕಡೆ ಹೋಗಬೇಕೋ ಅದರ ಲೆಕ್ಕದಲ್ಲಿ. ಹಿಡಿ ಬಲಕ್ಕೆ ಹೋದರೆ ಹಡಗು ಎಡಕ್ಕೆ. ಘಟನೆ ಗೊತ್ತಿಲ್ಲದೆ ಬರೀ ಪದದ ಅರ್ಥ ನೋಡಿದವರು ಇದನ್ನು ತಪ್ಪಾಗಿ ಓದುತ್ತಾರೆ.

ಬಲ್ಕ್‌ಹೆಡ್ ಅನ್ನುವ ಪದ ಡಿಕ್ಷನರಿಯಲ್ಲಿ 'ಅಡ್ಡಗೋಡೆ' ಅಂತಿತ್ತು. ಗೋಡೆ ಇದ್ದ ಮೇಲೆ ನೀರು ಹೇಗೆ ಹಬ್ಬಿತು? ಮೇಷ್ಟ್ರು ಕಾಗದದ ಮೇಲೆ ಉದ್ದಕ್ಕೆ ಒಂದು ಹಡಗು ಬರೆದು, ಹದಿನೈದು ಗೆರೆ ಎಳೆದು ಹದಿನಾರು ಕೋಣೆ ಮಾಡಿದರು. ಗೆರೆಗಳನ್ನು ಮೇಲಿನ ಡೆಕ್‌ವರೆಗೆ ಮುಟ್ಟಿಸಲಿಲ್ಲ, ಅರ್ಧಕ್ಕೇ ನಿಲ್ಲಿಸಿದರು. ಟೈಟಾನಿಕ್‌ನಲ್ಲಿ ಗೋಡೆಗಳು ಹಾಗೇ ಇದ್ದವು. ಮುಂಭಾಗದ ನಾಲ್ಕು ಕೋಣೆ ತುಂಬಿದರೂ ಹಡಗು ತೇಲುತ್ತಿತ್ತು. ಆ ರಾತ್ರಿ ನಾಲ್ಕಕ್ಕಿಂತ ಜಾಸ್ತಿ ಕೋಣೆಗೆ ನೀರು ನುಗ್ಗಿತು. ಮೂತಿ ಕೆಳಗಾದಂತೆ ನೀರು ಗೋಡೆ ಹಾರಿ ಹಿಂದಿನ ಕೋಣೆಗೆ, ಅಲ್ಲಿಂದ ಅದರ ಹಿಂದಿನದಕ್ಕೆ. ಸಿಂಧನೂರಿನ ಕಡೆ ಭತ್ತದ ಗದ್ದೆಗೆ ಕಾಲುವೆ ನೀರು ಬಿಟ್ಟಾಗ ಒಂದು ಮಡಿ ತುಂಬಿ, ಬದು ಹಾರಿ, ಮುಂದಿನ ಮಡಿಗೆ ಇಳಿಯುತ್ತದಲ್ಲ, ಥೇಟ್ ಹಾಗೆ. ಆ ಚಿತ್ರ ಕಣ್ಣಿಗೆ ಕಟ್ಟಿದ ಮೇಲೆ 'ದಿ ವಾಟರ್ ಸ್ಪಿಲ್ಡ್ ಓವರ್ ದಿ ಬಲ್ಕ್‌ಹೆಡ್ಸ್' ಅನ್ನುವ ವಾಕ್ಯ ತಾನಾಗಿಯೇ ಬಾಯಿಗೆ ಬಂತು. ವಾಟರ್‌ಟೈಟ್, ಕಂಪಾರ್ಟ್‌ಮೆಂಟ್, ಫ್ಲಡೆಡ್, ಅಫ್ಲೋಟ್ ಎಲ್ಲವೂ ಆ ಒಂದೇ ಚಿತ್ರದ ಜೊತೆಗೆ ಬಂದವು.

ನಮ್ಮ ಕನ್ನಡದಲ್ಲಿ ಹಡಗೂ ಮುಳುಗುತ್ತದೆ, ಮನುಷ್ಯನೂ ಮುಳುಗುತ್ತಾನೆ, ಹೊಲವೂ ಮುಳುಗುತ್ತದೆ. ಇಂಗ್ಲಿಷಿನಲ್ಲಿ ಒಂದೊಂದಕ್ಕೆ ಒಂದೊಂದು. ಹಡಗಿಗೆ ಸಿಂಕ್. ನೀರು ಕುಡಿದು ಉಸಿರುಗಟ್ಟಿ ಸಾಯುವುದಕ್ಕೆ ಡ್ರೌನ್. ಹೊಲ, ಕೋಣೆಗೆ ಫ್ಲಡ್. ಮಗುಚುವುದಕ್ಕೆ ಕ್ಯಾಪ್ಸೈಜ್, ಅದು ಹರಿಗೋಲಿಗೆ ಆಗುವಂಥದ್ದು. ಟೈಟಾನಿಕ್ ಮಗುಚಲಿಲ್ಲ. ಮೂತಿ ಕೆಳಗಾಗಿ, ಒಡೆದು ಎರಡಾಗಿ ಮುಳುಗಿತು. ಒಂದು ಕಡೆಗೆ ವಾಲುವುದಕ್ಕೆ 'ಲಿಸ್ಟ್' ಅನ್ನುತ್ತಾರೆ. ಪಟ್ಟಿ ಅಂತ ಅರ್ಥ ಮಾಡಿಕೊಂಡರೆ ವಾಕ್ಯವೇ ಕೈ ತಪ್ಪುತ್ತದೆ. ಸಮುದ್ರದಲ್ಲಿ ನೀರು ತುಂಬಿ ಮುಳುಗುವುದಕ್ಕೆ ಫೌಂಡರ್ ಅಂತಲೂ ಬರೆಯುತ್ತಾರೆ. ಸಿಂಕ್, ಸ್ಯಾಂಕ್, ಸಂಕ್ ಮೂರೂ ರೂಪ ಗಟ್ಟಿ ಮಾಡಿಕೊಳ್ಳಿ. 'ವಾಸ್ ಸಂಕ್' ಅಂದರೆ ಯಾರೋ ಮುಳುಗಿಸಿದರು ಅಂತ ಅರ್ಥ ಬರುತ್ತದೆ, ಯುದ್ಧದಲ್ಲಿ ಟಾರ್ಪಿಡೊ ಹೊಡೆದ ಹಾಗೆ. ಟೈಟಾನಿಕ್‌ಗೆ 'ಸ್ಯಾಂಕ್' ಸಾಕು.

ಇನ್ನೊಂದು ವಿಷಯ ನರ್ಸ್ ಆಗಿ ನನ್ನ ಎದೆಗೆ ತಾಗಿತು. ನೀರಿಗೆ ಬಿದ್ದವರಲ್ಲಿ ಹೆಚ್ಚಿನವರು ಲೈಫ್‌ಜಾಕೆಟ್ ಹಾಕಿಕೊಂಡಿದ್ದರು, ತೇಲುತ್ತಿದ್ದರು. ನೀರಿನ ಉಷ್ಣಾಂಶ ಮೈನಸ್ 2 ಡಿಗ್ರಿ. ಅವರನ್ನು ಕೊಂದದ್ದು ಚಳಿ. ಹೈಪೋಥರ್ಮಿಯಾ ಅನ್ನುವುದು ನನಗೆ ಡ್ಯೂಟಿಯ ಪದ. ದೇಹದ ಒಳಗಿನ ಉಷ್ಣಾಂಶ 35 ಡಿಗ್ರಿಗಿಂತ ಕೆಳಗಿಳಿದರೆ ಏನಾಗುತ್ತದೆ, ನಡುಕ ಯಾವಾಗ ನಿಲ್ಲುತ್ತದೆ, ಮಾತು ಯಾವಾಗ ತೊದಲುತ್ತದೆ, ಎಲ್ಲ ಗೊತ್ತು. ಇಡೀ ಕಥೆಯಲ್ಲಿ ನಾನು ಯಾರನ್ನೂ ಕೇಳದೆ ಹೇಳಬಹುದಾದ ಜಾಗ ಅದು. ಸ್ಪೀಕಿಂಗ್ ಅಭ್ಯಾಸದಲ್ಲಿ ಅಲ್ಲಿಗೆ ಬಂದಾಗಲೆಲ್ಲ ನನ್ನ ಇಂಗ್ಲಿಷ್ ತಡವರಿಸುವುದೇ ನಿಲ್ಲುತ್ತಿತ್ತು. ನೀವೂ ಯಾವ ಕಥೆ ಆರಿಸಿಕೊಂಡರೂ ಅದರಲ್ಲಿ ನಿಮ್ಮ ಕೆಲಸದ ಪದಗಳು ಎಲ್ಲಿ ಸಿಗುತ್ತವೆ ಅಂತ ಹುಡುಕಿ. ಆದರೆ ಒಂದು ಎಚ್ಚರ. ಆಸ್ಪತ್ರೆಯಲ್ಲಿ ಕ್ಯಾಶುಯಲ್ಟಿ ಅಂದರೆ ನಮಗೆ ತುರ್ತು ವಿಭಾಗ. ಅಪಘಾತದ ಸುದ್ದಿಯಲ್ಲಿ ಕ್ಯಾಶುಯಲ್ಟೀಸ್ ಅಂದರೆ ಸತ್ತವರು, ಗಾಯಗೊಂಡವರು. ಸತ್ತವರಷ್ಟೇ ಅನ್ನಬೇಕಾದರೆ 'ಡೆತ್ ಟೋಲ್' ಅನ್ನಬೇಕು. ಬದುಕಿದವರು ಸರ್ವೈವರ್ಸ್.

ವ್ಯಾಕರಣಕ್ಕೂ ಈ ಕಥೆ ಒದಗಿತು. ಪಾಸ್ಟ್ ಪರ್ಫೆಕ್ಟ್ ಅನ್ನುವುದನ್ನು ನಾನು ಶಾಲೆಯಿಂದ ಓದುತ್ತಲೇ ಬಂದಿದ್ದೆ, ಎಲ್ಲಿ ಬಳಸಬೇಕು ಅಂತ ಮಾತ್ರ ತಿಳಿದಿರಲಿಲ್ಲ. ಕಾರ್ಪೇಥಿಯಾ ಹಡಗು ಸಹಾಯಕ್ಕೆ ಬಂದದ್ದು ಬೆಳಗಿನ ಜಾವ ನಾಲ್ಕರ ಹೊತ್ತಿಗೆ. ಟೈಟಾನಿಕ್ ಮುಳುಗಿದ್ದು 2:20ಕ್ಕೆ. ಯಾವುದು ಮೊದಲು? ಮುಳುಗಿದ್ದು. ಅದಕ್ಕೆ 'ಹ್ಯಾಡ್ ಸಂಕ್'. ಹತ್ತಿರದಲ್ಲೇ ಕ್ಯಾಲಿಫೋರ್ನಿಯನ್ ಅನ್ನುವ ಹಡಗಿತ್ತು. ಟೈಟಾನಿಕ್‌ನ ವೈರ್‌ಲೆಸ್ ಆಪರೇಟರ್‌ಗಳಾದ ಜ್ಯಾಕ್ ಫಿಲಿಪ್ಸ್, ಹೆರಾಲ್ಡ್ ಬ್ರೈಡ್ ಸಂಕಟದ ಕರೆ ಕಳಿಸುವ ಹೊತ್ತಿಗೆ ಆ ಹಡಗಿನ ಆಪರೇಟರ್ ಮಲಗಿಬಿಟ್ಟಿದ್ದ, 'ಹ್ಯಾಡ್ ಗಾನ್ ಟು ಬೆಡ್'. ಎರಡು ವಾಕ್ಯದಲ್ಲಿ ನಿಯಮ ಕೂತುಬಿಟ್ಟಿತು. ಹೀಗೆ ಮಾಡಿದ್ದರೆ ಹಾಗಾಗುತ್ತಿತ್ತು ಅನ್ನುವಂಥ ವಾಕ್ಯಗಳೂ ಹಾಗೇ. ಹಡಗಿನ 20 ಲೈಫ್‌ಬೋಟ್‌ಗಳಲ್ಲಿ 1,178 ಜನಕ್ಕೆ ಜಾಗ ಇತ್ತು. ಬದುಕಿದವರು ಸುಮಾರು 700. ಮೊದಲು ಇಳಿಸಿದ ದೋಣಿಯಲ್ಲಿ 65 ಜನ ಕೂರಬಹುದಿತ್ತು, ಹೋದವರು 28ರಷ್ಟು. 'ಮೋರ್ ಪೀಪಲ್ ಕುಡ್ ಹ್ಯಾವ್ ಬೀನ್ ಸೇವ್ಡ್.' ಈ ವಾಕ್ಯ ಹೇಳುವಾಗ ನನಗೆ ಪ್ರತಿ ಸಲವೂ ಹೊಟ್ಟೆಯಲ್ಲಿ ಕಲಸಿದಂತಾಗುತ್ತಿತ್ತು.

ರೈಟಿಂಗ್‌ನಲ್ಲಿ ಎರಡು ಭಾಗ. ಮೊದಲನೆಯದು ಚಾರ್ಟ್ ಅಥವಾ ಟೇಬಲ್ ನೋಡಿ 150 ಪದ ಬರೆಯುವುದು. ಎರಡನೆಯದು 250 ಪದದ ಪ್ರಬಂಧ. ಮೊದಲನೆಯದಕ್ಕೆ ಟೈಟಾನಿಕ್ ಲೆಕ್ಕವನ್ನೇ ನಾನೇ ಟೇಬಲ್ ಮಾಡಿಕೊಂಡೆ. ಮೊದಲ ದರ್ಜೆಯವರಲ್ಲಿ ನೂರಕ್ಕೆ ಅರವತ್ತರಷ್ಟು ಬದುಕಿದರು, ಮೂರನೇ ದರ್ಜೆಯಲ್ಲಿ ನೂರಕ್ಕೆ ಇಪ್ಪತ್ತೈದರಷ್ಟು. 'ವೇರ್‌ಆ್ಯಸ್', 'ಕಂಪೇರ್ಡ್ ವಿತ್', 'ಮೋರ್ ದ್ಯಾನ್ ಟ್ವೈಸ್' ಅನ್ನುವುದೆಲ್ಲ ಇದರ ಮೇಲೆ ಕಲಿತದ್ದು. ಪ್ರಬಂಧಕ್ಕೆ ಕಾರಣ, ಪರಿಣಾಮ ಬೇಕು. ಲೈಫ್‌ಬೋಟ್ ಕಮ್ಮಿ ಇದ್ದವು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಆಗಿನ ಬ್ರಿಟಿಷ್ ನಿಯಮ 10,000 ಟನ್ನಿಗಿಂತ ದೊಡ್ಡ ಹಡಗಿಗೆ 16 ದೋಣಿ ಸಾಕು ಅನ್ನುತ್ತಿತ್ತು. 46,000 ಟನ್ನಿನ ಟೈಟಾನಿಕ್‌ನಲ್ಲಿ 20 ಇದ್ದವು. ಕಾನೂನಿನ ಪ್ರಕಾರ ಜಾಸ್ತಿಯೇ. ಹಡಗು ದೊಡ್ಡದಾಯಿತು, ನಿಯಮ ಬೆಳೆಯಲಿಲ್ಲ. ದುರಂತದ ನಂತರ 1914ರಲ್ಲಿ ಸೋಲಾಸ್ ಅನ್ನುವ ಅಂತರರಾಷ್ಟ್ರೀಯ ಸುರಕ್ಷತಾ ಒಪ್ಪಂದ ಬಂತು. ಸರ್ಕಾರ, ಸುರಕ್ಷತೆ, ತಂತ್ರಜ್ಞಾನ, ಯಾವ ಪ್ರಬಂಧಕ್ಕಾದರೂ ಈ ಒಂದು ಉದಾಹರಣೆ ಹೊಂದುತ್ತದೆ.

ಶಿಪ್‌ರೆಕ್ ಅಂದರೆ ಹಡಗು ಒಡೆದು ಹಾಳಾಗುವ ಘಟನೆ, ಹಾಗೆ ಹಾಳಾದ ಹಡಗೂ ಹೌದು. ಸುಮ್ನೆ 'ದಿ ರೆಕ್' ಅಂದರೆ ಸಮುದ್ರದ ತಳದಲ್ಲಿ ಬಿದ್ದಿರುವ ಹಡಗು. ಟೈಟಾನಿಕ್‌ನ ರೆಕ್ ಸಿಕ್ಕಿದ್ದು 1985ರ ಸೆಪ್ಟೆಂಬರ್ 1ರಂದು. ಅಮೆರಿಕದ ರಾಬರ್ಟ್ ಬ್ಯಾಲರ್ಡ್, ಫ್ರಾನ್ಸಿನ ಜೀನ್ ಲೂಯಿ ಮಿಶೆಲ್ ಅವರ ತಂಡ ಹುಡುಕಿತು. ಆಳ ಸುಮಾರು 3,800 ಮೀಟರ್. ಬೌ ಒಂದು ಕಡೆ, ಸ್ಟರ್ನ್ ಅಲ್ಲಿಂದ ಸುಮಾರು 600 ಮೀಟರ್ ದೂರ. ನಡುವೆ ತಟ್ಟೆ, ಬಾಟಲಿ, ಕಲ್ಲಿದ್ದಲು, ಚಪ್ಪಲಿ ಹರಡಿಕೊಂಡಿರುವ ಜಾಗಕ್ಕೆ ಡೆಬ್ರಿ ಫೀಲ್ಡ್ ಅನ್ನುತ್ತಾರೆ. ಲಿಸನಿಂಗ್ ಬರೆಯುವವರು ಇದನ್ನು ಗಮನಿಸಿ: ಕೇಳಿಸುವುದು ಡೆಬ್ರಿ, ಬರೆಯುವಾಗ ಕೊನೆಗೆ ಎಸ್ ಇದೆ. ಹಡಗಿನ ವೇಗ ಹೇಳುವ ನಾಟ್ ಕೂಡ ಹಾಗೇ, ಮೊದಲು ಕೆ ಇದೆ, ಕೇಳಿಸಲ್ಲ. ಸ್ಪೆಲಿಂಗ್ ತಪ್ಪಿದರೆ ಉತ್ತರ ಸರಿ ಇದ್ದರೂ ಅಂಕ ಇಲ್ಲ.

ಓದುತ್ತಾ ಓದುತ್ತಾ ವಯಲೆಟ್ ಜೆಸಪ್ ಸಿಕ್ಕಳು. ಟೈಟಾನಿಕ್‌ನಲ್ಲಿ ಸ್ಟೂವರ್ಡೆಸ್, ಅಂದರೆ ಪ್ರಯಾಣಿಕರ ಬೇಕುಬೇಡ ನೋಡಿಕೊಳ್ಳುವ ಕೆಲಸದವಳು. ಲೈಫ್‌ಬೋಟ್‌ನಲ್ಲಿ ಬದುಕಿ ಬಂದಳು. ಆಮೇಲೆ ಮೊದಲ ಮಹಾಯುದ್ಧದಲ್ಲಿ ಗಾಯಾಳುಗಳ ಸೇವೆಗೆ ಸೇರಿ, ಟೈಟಾನಿಕ್‌ನ ತಂಗಿ ಹಡಗು ಬ್ರಿಟಾನಿಕ್‌ಗೆ ಹೋದಳು. ಅದು ಆಸ್ಪತ್ರೆ ಹಡಗು. 1916ರಲ್ಲಿ ಅದೂ ಮುಳುಗಿತು. ಅವಳು ಮತ್ತೆ ಬದುಕಿದಳು. ಅಷ್ಟಕ್ಕೂ ನಿಲ್ಲದೆ ಮತ್ತೆ ಹಡಗಿನ ಕೆಲಸಕ್ಕೇ ಹೋದಳು. ನಾಯಕರು, ಶ್ರೀಮಂತರ ಕಥೆಗಿಂತ ಈ ಹೆಣ್ಣುಮಗಳ ಕಥೆ ನನಗೆ ಹತ್ತಿರ ಅನ್ನಿಸಿತು. ಸ್ಪೀಕಿಂಗ್‌ನ ಎರಡನೇ ಭಾಗದಲ್ಲಿ ಒಂದು ವಿಷಯ ಕೊಟ್ಟು, ಒಂದು ನಿಮಿಷ ಯೋಚಿಸಲು ಬಿಟ್ಟು, ಎರಡು ನಿಮಿಷ ಮಾತಾಡಿಸುತ್ತಾರೆ. ಮೆಚ್ಚಿನ ವ್ಯಕ್ತಿ, ಧೈರ್ಯ ತೋರಿದವರು, ಇತಿಹಾಸದ ಘಟನೆ, ಯಾವುದು ಬಂದರೂ ಅವಳಿಂದ ಶುರು ಮಾಡಬಹುದು ಅನ್ನುವಷ್ಟು ಅಭ್ಯಾಸ ಮಾಡಿದೆ. ಆದರೆ ಉರುಹೊಡೆದ ಭಾಷಣ ಒಪ್ಪಿಸಬೇಡಿ. ಪರೀಕ್ಷಕರಿಗೆ ಗೊತ್ತಾಗುತ್ತದೆ. ದಿನಾ ಬೇರೆ ಬೇರೆ ಜಾಗದಿಂದ ಕಥೆ ಶುರು ಮಾಡಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ರಾತ್ರಿ ಪಾಳಿಯಲ್ಲಿ ರೋಗಿಗಳೆಲ್ಲ ಮಲಗಿದ ಮೇಲೆ ನಾನು ಸ್ಟೋರ್‌ರೂಮಿನ ಬಾಗಿಲು ಹಾಕಿಕೊಂಡು ಮಾತಾಡುತ್ತಿದ್ದೆ. ಆಯಾ ಅಮ್ಮ ಬಂದು ಯಾರ ಜೊತೆ ಮಾತು ಅಂತ ಕೇಳಿ, ವಿಷಯ ತಿಳಿದ ಮೇಲೆ ದಿನಾ ಹಡಗು ಎಲ್ಲಿಗೆ ಬಂತು ಅಂತ ವಿಚಾರಿಸೋಳು.

ಟೈಪಿಂಗ್ ಬಗ್ಗೆ ಯಾರೂ ಹೇಳಿರಲಿಲ್ಲ. ಕಂಪ್ಯೂಟರ್‌ನಲ್ಲಿ ಬರೆಯುವ ಪರೀಕ್ಷೆ ತಗೊಂಡರೆ ಒಂದು ಗಂಟೆಯಲ್ಲಿ ಎರಡೂ ಬರಹ ಟೈಪ್ ಮಾಡಬೇಕು. ನನ್ನ ಹತ್ತಿರ ಲ್ಯಾಪ್‌ಟಾಪ್ ಇಲ್ಲ. ತೀನ್ ಕಂದಿಲ್ ಹತ್ತಿರದ ಒಂದು ಸೈಬರ್ ಸೆಂಟರ್‌ನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೂತೆ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಬಂದವರ ಗದ್ದಲದ ನಡುವೆ ಐಸ್‌ಬರ್ಗ್ ಬಗ್ಗೆ ಟೈಪ್ ಮಾಡಿದ್ದು ಒಳ್ಳೆಯದೇ ಆಯಿತು. ಪರೀಕ್ಷೆ ಹಾಲಿನಲ್ಲೂ ಅಕ್ಕಪಕ್ಕದವರ ಕೀಬೋರ್ಡ್ ಸದ್ದು ತುಂಬಾ ಇರುತ್ತದೆ.

ಪಾಸ್‌ಪೋರ್ಟ್ ಬಂದ ಮೇಲೆ ದಿನ ಗೊತ್ತುಮಾಡಿದೆ. ಫೀ 18,000 ರೂಪಾಯಿಯ ಆಸುಪಾಸು. ಇದು ಬದಲಾಗುತ್ತಿರುತ್ತದೆ, ಕಟ್ಟುವ ದಿನ ನೋಡಿಕೊಳ್ಳಿ. ನರ್ಸಿಂಗ್‌ಗೆ ಅಕಾಡೆಮಿಕ್ ಪರೀಕ್ಷೆ ಬೇಕು, ಜನರಲ್ ಅಲ್ಲ. ಅರ್ಜಿಯಲ್ಲಿ ಎರಡು ಸಲ ನೋಡಿ ಒತ್ತಿ. ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಮಖ್ತಲ್, ಜಡ್ಚರ್ಲಾ ದಾರಿಯ ಬಸ್ಸಿನಲ್ಲಿ ಹಿಂದಿನ ದಿನವೇ ಹೋಗಿ, ಒಂದು ಲೇಡೀಸ್ ಹಾಸ್ಟೆಲ್‌ನಲ್ಲಿ ರಾತ್ರಿ ಉಳಿದೆ. ಅಪ್ಪ ಜೊತೆಗೆ ಬಂದಿದ್ದರು. ರಜೆ ಸಿಗುವುದೇ ಕಷ್ಟವಾಗಿತ್ತು. ಪಾಳಿ ಬದಲಿಸಿಕೊಂಡ ಇಬ್ಬರು ಸಿಸ್ಟರ್‌ಗಳ ಉಪಕಾರ ಮರೆಯಲ್ಲ.

ಬೆಳಿಗ್ಗೆ ಕೇಂದ್ರದಲ್ಲಿ ಫೋಟೊ ತೆಗೆದರು, ಬೆರಳಚ್ಚು ತಗೊಂಡರು. ನನ್ನ ಬೆರಳಚ್ಚು ಯಂತ್ರ ಹಿಡಿಯಲೇ ಇಲ್ಲ. ದಿನಕ್ಕೆ ಎಷ್ಟು ಸಲ ಸ್ಯಾನಿಟೈಸರ್, ಸ್ಪಿರಿಟ್ ಮುಟ್ಟುತ್ತೇವೋ, ನಮ್ಮ ಬೆರಳ ಚರ್ಮ ಒಣಗಿ ಸವೆದಿರುತ್ತದೆ. ಸಾಲಿನಲ್ಲಿ ಹಿಂದೆ ನಿಂತವರು ಗೊಣಗಲು ಶುರು ಮಾಡಿದರು. ನನಗೆ ಕಣ್ಣಲ್ಲಿ ನೀರು ಬಂತು. ಅಲ್ಲಿದ್ದ ಒಬ್ಬ ಹುಡುಗಿ ಒದ್ದೆ ಟಿಶ್ಯೂ ಕೊಟ್ಟು, ಬೆರಳು ಒರೆಸಿ ಉಜ್ಜಿಕೊಳ್ಳಿ ಅಂದಳು. ಆಮೇಲೆ ಹಿಡಿಯಿತು. ನರ್ಸ್‌ಗಳು ಒಂದು ವಾರ ಮುಂಚಿನಿಂದಲೇ ರಾತ್ರಿ ಕೈಗೆ ಎಣ್ಣೆ ಹಚ್ಚಿಕೊಳ್ಳಿ. ಮದುವೆ ಮನೆಗೆ ಹೋಗಿದ್ದರೂ ಬೆರಳ ತುದಿಗೆ ಮೆಹಂದಿ ಬೇಡ.

ಲಿಸನಿಂಗ್ ಅರ್ಧ ಗಂಟೆ, ರೀಡಿಂಗ್ ಒಂದು ಗಂಟೆ, ರೈಟಿಂಗ್ ಒಂದು ಗಂಟೆ, ನಡುವೆ ಬಿಡುವಿಲ್ಲ. ಪೇಪರ್ ಪರೀಕ್ಷೆಯಲ್ಲಿ ಲಿಸನಿಂಗ್ ಉತ್ತರ ನಕಲು ಮಾಡಲು ಹತ್ತು ನಿಮಿಷ ಕೊಡುತ್ತಿದ್ದರು. ಕಂಪ್ಯೂಟರ್‌ನಲ್ಲಿ ಸಿಗುವುದು ಎರಡೇ ನಿಮಿಷ, ಅದು ನೋಡಿಕೊಳ್ಳಲು ಮಾತ್ರ. ವಾಚ್ ಒಳಗೆ ಬಿಡಲ್ಲ. ನೀರಿನ ಬಾಟಲಿ ಪಾರದರ್ಶಕ ಇರಬೇಕು, ಲೇಬಲ್ ಇರಬಾರದು.

ಮಧ್ಯಾಹ್ನ ಸ್ಪೀಕಿಂಗ್. ಎದುರಿಗೆ ಮನುಷ್ಯರು ಕೂತಿರುತ್ತಾರೆ ಅಂದುಕೊಂಡಿದ್ದೆ. ಒಂದು ಸಣ್ಣ ಕೋಣೆ, ಒಂದು ಸ್ಕ್ರೀನ್, ಹೆಡ್‌ಫೋನ್. ಪರೀಕ್ಷಕರು ವಿಡಿಯೊದಲ್ಲಿ. ಮೊದಲ ಎರಡು ಮೂರು ಉತ್ತರಕ್ಕೆ ನನ್ನ ಗಂಟಲು ಒಣಗಿತ್ತು. ಪ್ರಶ್ನೆಗಳನ್ನು ಇಲ್ಲಿ ಬರೆಯುವುದಿಲ್ಲ, ಬರೆಯಬಾರದು ಕೂಡ. ಟೈಟಾನಿಕ್ ನೇರವಾಗಿ ಬರಲಿಲ್ಲ ಅಂತಷ್ಟೇ ಹೇಳುತ್ತೇನೆ. ಆದರೆ ಒಂದು ಘಟನೆಯನ್ನು ಮೊದಲಿನಿಂದ ಕೊನೆಯವರೆಗೆ ಕಟ್ಟಿ ಹೇಳುವ ರೂಢಿ ನಾಲಿಗೆಗೆ ಆಗಿಹೋಗಿತ್ತು. ಯಾವಾಗ, ಎಲ್ಲಿ, ಏನಾಯಿತು, ಅಷ್ಟರೊಳಗೆ ಏನಾಗಿಹೋಗಿತ್ತು, ಏನು ಮಾಡಬಹುದಿತ್ತು. ಆ ದಾರಿ ಹಿಡಿದು ಮಾತಾಡಿದೆ. ಎರಡು ನಿಮಿಷ ಆದ ಕೂಡಲೇ ಅವರು ಮಧ್ಯದಲ್ಲೇ ನಿಲ್ಲಿಸಿದರು. ಗಾಬರಿಯಾಗಬೇಡಿ, ಎಲ್ಲರಿಗೂ ಹಾಗೇ ನಿಲ್ಲಿಸುತ್ತಾರೆ. ಮಾತು ಮುಗಿಯದಿದ್ದರೆ ಅಂಕ ಹೋಗಲ್ಲ.

ರಿಸಲ್ಟ್ ಕೆಲವೇ ದಿನಗಳಲ್ಲಿ ಬರುತ್ತದೆ. ಆ ದಿನಗಳು ಹೇಗೆ ಕಳೆದವೋ, ಡ್ಯೂಟಿಯಲ್ಲಿ ಫೋನ್ ಮುಟ್ಟುವ ಹಾಗಿಲ್ಲ, ಜೇಬಿನಲ್ಲಿ ಅದು ನಡುಗಿದರೆ ಎದೆಯೂ ನಡುಗುತ್ತಿತ್ತು. ರೈಟಿಂಗ್ 6.5 ಅಂತ ನೋಡಿದಾಗ ಮೊದಲು ಫೋನ್ ಮಾಡಿದ್ದು ಮೇಷ್ಟ್ರಿಗೆ.

ಖರ್ಚು ಕೇಳುವವರಿಗೆ: ಪಾಸ್‌ಪೋರ್ಟ್, ಕೋಚಿಂಗ್, ಪರೀಕ್ಷೆ ಫೀ, ಸೈಬರ್ ಸೆಂಟರ್, ಹೈದರಾಬಾದ್ ಓಡಾಟ ಎಲ್ಲ ಸೇರಿ ಮೂವತ್ತು ಸಾವಿರ ದಾಟಿತು. ನನ್ನ ಒಂದು ತಿಂಗಳ ಸಂಬಳಕ್ಕಿಂತ ತುಂಬಾ ಜಾಸ್ತಿ. ಈಗ ಮತ್ತೆ ಮಾಡುವವಳಾದರೆ ಕೋಚಿಂಗ್ ದುಡ್ಡು ಉಳಿಸಿ, ಅದರಲ್ಲಿ ಒಂದೆರಡು ಮಾಕ್ ಟೆಸ್ಟ್ ತಗೊಳ್ಳುತ್ತೇನೆ. ಈ ಅಂಕ ಎರಡು ವರ್ಷ ಮಾತ್ರ ನಡೆಯುತ್ತದೆ, ಆದ್ದರಿಂದ ಮುಂದಿನ ಕಾಗದಗಳನ್ನು ತಡಮಾಡದೆ ಶುರು ಮಾಡಬೇಕು. ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ದೃಢೀಕರಣ ಪತ್ರಕ್ಕೆ ಅರ್ಜಿ ಹಾಕಿದ್ದೇನೆ. ಆಮೇಲೆ ಸಿಬಿಟಿ ಅನ್ನುವ ಕಂಪ್ಯೂಟರ್ ಪರೀಕ್ಷೆ ಇದೆ, ಅದು ಪೂರ್ತಿ ನರ್ಸಿಂಗ್ ವಿಷಯದ್ದು. ಅದರ ಕಾಗದಪತ್ರಕ್ಕೂ ಪಾಸ್‌ಪೋರ್ಟಿನ ಹೆಸರೇ ಆಧಾರ. ನಿಮ್ಮ ಅಂಕಪಟ್ಟಿಯಲ್ಲೂ ಇನಿಷಿಯಲ್ ಹಿಂದೆ ಮುಂದೆ ಆಗಿದ್ದರೆ, ಇದನ್ನು ಓದಿ ಮುಗಿಸಿದ ಕೂಡಲೇ ಎಲ್ಲ ಸರ್ಟಿಫಿಕೇಟ್ ತೆಗೆದು ಒಂದರ ಪಕ್ಕ ಒಂದು ಇಟ್ಟು ನೋಡಿ.